ಬಾಂಗ್ ಕೇಳಿಸದ ಊರಿಗೆ ಹೋದ ಅಕ್ಕ

ಬೆಲ್ ಆದಾಗ ಬಾಗಿಲಿನ ಕಿಂಡಿಗೆ ಕಣ್ಣಿಟ್ಟರೆ ಒಂದು ಗದ್ದ, ಅದರ ಮೇಲೊಂದು ಕಪ್ಪು ಮಚ್ಚೆ, ಇಷ್ಟೇ ಕಾಣುತ್ತಿತ್ತು. ಉಳಿದ ಮುಖ ಕಿಂಡಿಗಿಂತ ಮೇಲಿರುತ್ತಿತ್ತು. ಎದುರು ಫ್ಲ್ಯಾಟಿನ ಅಕ್ಕ ಅಷ್ಟು ಎತ್ತರ. ಹೆಂಗಸರ ಚಪ್ಪಲಿ ಕಾಲಿಗೆ ಸಾಲದೆ ಗಂಡಸರ ಚಪ್ಪಲಿಯನ್ನೇ ಹಾಕುತ್ತಿದ್ದರು. ಮೆಟ್ಟಿಲಲ್ಲಿ ಅದರ ಸದ್ದು ಕೇಳಿದರೆ ನನ್ನ ಮಗಳು ಆಟ ಬಿಟ್ಟು ಓಡುತ್ತಿದ್ದಳು.

ನಾನು ಮದುವೆಯಾಗಿ ಕಾಪುವಿನಿಂದ ದುಬೈಗೆ ಬಂದಾಗ ನಮಗೆ ಮನೆ ಸಿಕ್ಕಿದ್ದು ಅಲ್ ಮುರಕ್ಕಬಾತ್‌ನ ಒಂದು ಹಳೆಯ ಕಟ್ಟಡದಲ್ಲಿ. ಅಕ್ಕ ಅಲ್ಲಿ ಎಷ್ಟೋ ವರ್ಷಗಳಿಂದ ಇದ್ದವರು. ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ ಮನೆತನ. ಗಂಡನಿಗೆ ದೇರಾದಲ್ಲಿ ಬಟ್ಟೆ ಅಂಗಡಿ. ಬ್ಯಾರಿ ಭಾಷೆ ನನಗೆ ಬಾರದು, ಅವರಿಗೆ ತುಳು ಬರುತ್ತಿತ್ತು. ತುಳುವಿನಲ್ಲಿ ಶುರುವಾದ ಮಾತು ಕನ್ನಡಕ್ಕೆ ಹೊರಳಿ, ಸಿಟ್ಟು ಬಂದರೆ ಹಿಂದಿಗೆ ಹೋಗುತ್ತಿತ್ತು.

ಆ ವರ್ಷ ರಂಜಾನ್ ಉಪವಾಸದ ತಿಂಗಳು ಬಂದಾಗ ನಾನು ಬಸುರಿ. ಹೊಸ ದೇಶ, ನಮ್ಮದಲ್ಲದ ಧರ್ಮ. ಹಗಲು ಒಲೆ ಹೊತ್ತಿಸಿದರೆ ಯಾರಾದರೂ ಏನಾದರೂ ಅಂದಾರೆಂದು ಹೆದರಿ, ಕಿಟಕಿ ಮುಚ್ಚಿಕೊಂಡು ಬಿಸ್ಕತ್ತು ತಿಂದೇ ದಿನ ಕಳೆಯುತ್ತಿದ್ದೆ. ಒಂದು ಮಧ್ಯಾಹ್ನ ಬೆಲ್ ಆಯಿತು.

"ಎಂತ ಮಾರಾಯ್ತಿ, ನಿನ್ನ ಮನೆಯಿಂದ ಅಡಿಗೆ ಪರಿಮಳವೇ ಇಲ್ಲ. ಹುಷಾರಿಲ್ವಾ?"

ತಡವರಿಸುತ್ತ ಕಾರಣ ಹೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು.

"ನಿನ್ನ ಒಗ್ಗರಣೆಗೆ ಮುರಿದುಹೋಗುವ ಉಪವಾಸ ಹಿಡೀಲಿಕ್ಕೆ ನಾನು ಇಷ್ಟುದ್ದ ಬೆಳೀಬೇಕಿತ್ತಾ? ಹೊಟ್ಟೆಯಲ್ಲಿ ಮಗು ಉಂಟು. ಯಲ್ಲಾ, ನಡಿ, ಅಕ್ಕಿ ಎಲ್ಲಿ ಉಂಟು, ತೋರಿಸು."

ಬಾಯಿಗೆ ನೀರೂ ಹಾಕದ ಆ ಹೆಂಗಸು ನನ್ನ ಅಡಿಗೆಮನೆಯಲ್ಲಿ ನಿಂತು ಗಂಜಿ ಬೇಯಿಸಿ, ಒಣಮೆಣಸು ಸುಟ್ಟು ಚಟ್ನಿ ಅರೆದು, ನಾನು ಉಂಡು ಮುಗಿಸುವ ತನಕ ಎದುರಿಗೇ ಕೂತಿದ್ದರು. ಉಪ್ಪು ಸರಿಯಾಗಿದೆಯೇ ಎಂದು ಮಾತ್ರ ನನ್ನನ್ನೇ ಕೇಳಿದರು. ಆ ದಿನದಿಂದ ನನಗೆ ದುಬೈ ಹೆದರಿಕೆಯ ಊರಾಗಿ ಉಳಿಯಲಿಲ್ಲ.

ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಕ್ಕನ ಗಂಡ ತೀರಿಕೊಂಡರು. ಅಂಗಡಿ ಹೋಯಿತು, ಅದರ ಹಿಂದೆಯೇ ವೀಸಾ ಹೋಯಿತು. ಉಳ್ಳಾಲದ ಮನೆ ಪಾಲಾಗಿ ಬೇರೆಯವರ ಕೈಸೇರಿತ್ತು. ಉಳಿದದ್ದು ಕೆನಡಾದ ಸಮುದ್ರ ತೀರದ ಒಂದು ಸಣ್ಣ ಊರಿನಲ್ಲಿ ಕೆಲಸಕ್ಕಿದ್ದ ಮಗನ ಮನೆ. ಆ ಊರಿನಲ್ಲಿ ಮಸೀದಿ ಇರಲಿಲ್ಲ.

ಹೊರಡುವ ವಾರ ಅಕ್ಕ ನಮ್ಮ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದರು: "ನೀವು ಇಲ್ಲಿ ಇಷ್ಟು ವರ್ಷ ಹೇಗೆ ಇದ್ದಿರಿ, ತಂಗಿ? ನನಗೂ ಹೇಳಿಕೊಡು."

ನನಗೆ ಅರ್ಥವಾಗಲಿಲ್ಲ.

"ಊರಲ್ಲಿ ನಾವು ಕಡಿಮೆ ಜನ. ಆದ್ರೆ ಊರು ನಮ್ದು. ಇಲ್ಲಿ ಊರು ನಮ್ದಲ್ಲ, ಮಸೀದಿಯಿಂದ ಕೂಗುವ ಬಾಂಗ್ ನಮ್ದು. ಅಲ್ಲಿ ಎರಡೂ ಇಲ್ಲ. ನಿನಗೆ ಇಲ್ಲಿ ಹಾಗೇ ಇತ್ತಲ್ಲ?"

ಹೌದಲ್ಲ ಎಂದುಕೊಂಡೆ.  "ನನಗೆ ಎದುರು ಮನೆಯಲ್ಲಿ ನೀವಿದ್ರಿ ಅಕ್ಕಾ, ಬೇರೆ ಎಂತ ಹೇಳ್ಲಿ?" ಎಂದೆ. ಅವರು ನನ್ನ ಬೆನ್ನು ಸವರಿದರು.

ಕೆನಡಾದಿಂದ ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಮೊದಲ ಚಳಿಗಾಲದಲ್ಲಿ ಅಂಗಡಿಯೊಂದರ ಸಾಲಿನಲ್ಲಿ ನಿಂತಿದ್ದಾಗ ಯಾರೋ ಒಬ್ಬ ಅವರ ತಲೆಯ ಬಟ್ಟೆ ನೋಡಿ, ನಿನ್ನ ದೇಶಕ್ಕೆ ಹೋಗು ಎಂದು ಕಿರುಚಿದನಂತೆ.

"ಹೋಗು ಅಂದ. ಎಲ್ಲಿಗೇಂತ ಹೇಳ್ಲಿಲ್ಲ," ಎಂದು ನಕ್ಕರು. ಆಮೇಲೆ ಅತ್ತರು. ಅಕ್ಕ ಅಳುವುದನ್ನು ನಾನು ಕೇಳಿದ್ದು ಅದೊಂದೇ ಸಲ. ಕೆಲವು ವಾರ ಅವರು ಮನೆಯಿಂದ ಹೊರಗೇ ಬರಲಿಲ್ಲ. ಹೊರಗೆ ಹೋಗುವಾಗ ತಲೆಗೆ ಜಾಕೆಟಿನ ಟೋಪಿ ಎಳೆದುಕೊಂಡರೆ ಸಾಕಲ್ಲ ಎಂದು ಮಗ ಹೇಳಿನೋಡಿದ.

"ಏನು ಮಾಡ್ತೀರಿ ಅಕ್ಕಾ?" ಎಂದು ಕೇಳಿದೆ.

"ಇದು ತಲೆ ಮುಚ್ಚುವ ಬಟ್ಟೆ. ಬಾಯಿ ತೆರೆದೇ ಉಂಟಲ್ಲ. ಮಾತಾಡ್ತೇನೆ."

ಮಾತಾಡಿದರು. ಮೊದಲು ಎದುರು ಮನೆಯ ಬಾಗಿಲು ಬಡಿದರು. ಫೋನ್ ಮಾಡದೆ ಯಾರ ಮನೆಗೂ ಹೋಗಬಾರದೆಂದು ಸೊಸೆ ಹೇಳಿದ್ದಳು. ಒಬ್ಬಂಟಿ ಮುದುಕಿ ಚಿಲಕದ ಸರಪಳಿ ತೆಗೆಯದೆ ಇಣುಕಿ, ಏನೂ ಬೇಡ ಎಂದು ಬಾಗಿಲು ಹಾಕಿಕೊಂಡಳು. ಮರುದಿನ ಅಕ್ಕ ಮತ್ತೆ ಹೋಗಿ ತಮ್ಮ ಹರಕು ಇಂಗ್ಲಿಷಿನಲ್ಲಿ, "ನಾನು ಮಾರಲು ಬಂದವಳಲ್ಲ, ನಿನ್ನ ಎದುರು ಮನೆಯವಳು" ಎಂದರಂತೆ. ಸರಪಳಿ ತೆಗೆಯುವ ಸದ್ದನ್ನು ಫೋನಿನಲ್ಲಿ ನಾಲಿಗೆಯಿಂದ ಮಾಡಿ ತೋರಿಸಿದರು.

ಆ ಮುದುಕಿಯೇ ಅವರನ್ನು ಚರ್ಚಿನ ಹಾಲ್‌ಗೆ ಕರೆದುಕೊಂಡು ಹೋದಳು. ಚಳಿಗಾಲದಲ್ಲಿ ಅಲ್ಲಿ ಊರಿನ ಹೆಂಗಸರು ಸೇರಿ, ಬಂದವರಿಗೆಲ್ಲ ಸೂಪು ಬೇಯಿಸಿ ಬಡಿಸುತ್ತಿದ್ದರು. ಅಕ್ಕ ಹಂದಿ ಮಾಂಸದ ಪಾತ್ರೆ ಮುಟ್ಟುವುದಿಲ್ಲ ಎಂದು ಮೊದಲ ದಿನವೇ ಹೇಳಿದರು. ಅವರಿಗೆ ಬೇರೆ ಪಾತ್ರೆ ಬಂತು. ನಮಾಜಿಗೆ ಕೋಟು ತೂಗುಹಾಕುವ ಕೋಣೆ ಸಿಕ್ಕಿತು. ಮೆಕ್ಕಾ ಯಾವ ದಿಕ್ಕಿಗಿದೆ ಎಂದು ಮುದುಕಿಯೇ ಮೊಬೈಲಿನಲ್ಲಿ ಹುಡುಕಿ ಹೇಳಿದಳು. ಎಲ್ಲರೂ ಹಾಗಿರಲಿಲ್ಲ. ಇವರು ಬಡಿಸಿದ್ದನ್ನು ಮುಟ್ಟದೆ ಎದ್ದುಹೋದವರೂ ಇದ್ದರು. "ಅವರಿಗೆ ಹಸಿವಿಲ್ಲ," ಎನ್ನುತ್ತಿದ್ದರು ಅಕ್ಕ, ಅಷ್ಟೇ.

ಕಳೆದ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದವರು ಹಿಂತಿರುಗಲಿಲ್ಲ. ಖಬರಸ್ಥಾನ ಇದ್ದದ್ದು ದೂರದ ಪಟ್ಟಣದಲ್ಲಿ. ಹಾಲ್‌ನ ಹೆಂಗಸರು ತಲೆಗೆ ಶಾಲು ಹೊದ್ದು, ಹಿಮದ ದಾರಿಯಲ್ಲಿ ಶವವಾಹನದ ಹಿಂದೆ ಕಾರು ಓಡಿಸಿಕೊಂಡು ಹೋದರಂತೆ. ಇದನ್ನೆಲ್ಲ ವಿಡಿಯೊ ಕಾಲ್ ಮಾಡಿ ಹೇಳಿದ್ದು ಅಕ್ಕನ ಮಗ. ಅವನು ಫೋನನ್ನು ಪಕ್ಕದಲ್ಲಿದ್ದವರ ಕೈಗೆ ಕೊಟ್ಟ. ಪರದೆಯಲ್ಲಿ ಬಿಳಿ ಕೂದಲಿನ, ಅತ್ತು ಕೆಂಪಾದ ಮುಖವೊಂದು ಕಾಣಿಸಿತು. ಎದುರು ಮನೆಯ ಮುದುಕಿ.

"ದುಬೈಯ ತಂಗಿ ನೀನೇ ತಾನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ನಿನ್ನ ಅಕ್ಕನನ್ನು ನಮ್ಮಿಂದಾದಷ್ಟು ಚೆನ್ನಾಗಿ ನೋಡಿಕೊಂಡೆವು. ನಿನಗೆ ಅದು ತಿಳಿದಿರಲಿ."

ಹೌದು, ನಾನೇ ತಂಗಿ ಎಂದೆ. 

ಆ ಸಂಜೆ ನನ್ನ ಗಂಡ ಕೆಲಸದಿಂದ ಬಂದು, ಕತ್ತಲಾಗಿದ್ದ ದೇವರ ಗೂಡನ್ನು ನೋಡಿದರು. ನನ್ನ ಕೂದಲು ಇನ್ನೂ ಒದ್ದೆಯಾಗಿತ್ತು.

"ದೀಪ ಯಾಕೆ ಇಡ್ಲಿಲ್ಲ?"

"ಸೂತಕ," ಎಂದೆ. "ಅಕ್ಕ ಹೋದ್ರು."

 ಅವರು ಬೈರಾಸು ತೆಗೆದುಕೊಂಡು ತಾವೂ ಸ್ನಾನಕ್ಕೆ ಹೋದರು.