ಅತ್ತಿಗೆ ಕ್ಷಮೆ ಕೇಳಿದ ಊರು

ಅತ್ತಿಗೆಯ ಗಲ್ಲ ಯಾವಾಗಲೂ ಒಂದು ಬೆರಳು ಮೇಲಕ್ಕೇ ಇರುತ್ತಿತ್ತು. ಬೈಫೋಕಲ್ ಕನ್ನಡಕ ಮೂಗಿನ ಮೇಲೆ ಜಾರುವುದರಿಂದ ಹಾಗೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಕಡೆಗೆ ಕಾರ್ಕಳಕ್ಕೆ ಕರೆದುಕೊಂಡು ಹೋಗಿ ಹೊಸ ಫ್ರೇಮ್ ಮಾಡಿಸಿದೆ. ಕನ್ನಡಕ ನಿಂತಿತು, ಗಲ್ಲ ಇಳಿಯಲಿಲ್ಲ. ಎದುರಿಗೆ ಇರುವವರು ಬ್ಯಾಂಕ್ ಮ್ಯಾನೇಜರ್ ಆಗಲಿ, ಬಸ್ ಕಂಡಕ್ಟರ್ ಆಗಲಿ, ಬಸದಿಯಲ್ಲಿ ಪೂಜೆ ಮಾಡುವ ಇಂದ್ರರೇ ಆಗಲಿ, ಅತ್ತಿಗೆ ಅವರನ್ನು ಕನ್ನಡಕದ ಕೆಳಭಾಗದಿಂದ, ಪೇಪರಿನ ಸಣ್ಣ ಅಕ್ಷರ ಓದುವ ಹಾಗೆ ಓದುತ್ತಿದ್ದರು.

ಅವರು ನನ್ನ ಗಂಡನ ಅಕ್ಕ. ಬೆಳ್ತಂಗಡಿ ಕಡೆಗೆ ಮದುವೆಯಾಗಿ ಹೋಗಿ, ಗಂಡ ತೀರಿದ ಮೇಲೆ ಮೂಡುಬಿದಿರೆಗೆ ಮರಳಿ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇದ್ದವರು. ಒಬ್ಬನೇ ಮಗ, ಬಂಟ್ವಾಳದಲ್ಲಿ ಹಾರ್ಡ್‌ವೇರ್ ಅಂಗಡಿ. ಪ್ರತಿ ಭಾನುವಾರ ಕಾರು ತಂದು "ಅಮ್ಮ, ಬಂದು ನಮ್ಮೊಟ್ಟಿಗೆ ಇರಿ" ಎನ್ನುತ್ತಿದ್ದ. ಪ್ರತಿ ಭಾನುವಾರ ಅವನಿಗೆ ಊಟ ಬಡಿಸಿ ವಾಪಸು ಕಳಿಸುತ್ತಿದ್ದರು.

ಯಾರಾದರೂ "ಹಾಗೆ ಮಾಡಬಾರದು" ಎಂದರೆ ಅತ್ತಿಗೆಯ ಪ್ರಶ್ನೆ ಒಂದೇ: "ಹೇಳಿದ್ದು ಯಾರು?" ನಾನು ಹೊಸ ಮದುಮಗಳಾಗಿದ್ದಾಗ ಇಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು. ಮನೆಯ ಸೊಸೆ ಸಂಬಳಕ್ಕೆ ಹೋಗಬಾರದು ಎಂದು ಅತ್ತೆ ಮುಖ ಊದಿಸಿದರು. ತವರಿಗೆ ಬಂದಿದ್ದ ಅತ್ತಿಗೆ "ಹೇಳಿದ್ದು ಯಾರು?" ಎಂದರು. ಅತ್ತೆ ನೆರೆಮನೆಯವರ ಹೆಸರು ಹೇಳಿದರು. ಅತ್ತಿಗೆ ಆಗಲೇ ಸೆರಗು ಸಿಕ್ಕಿಸಿಕೊಂಡು ಆ ಮನೆಗೆ ನಡೆದು, ಅವರನ್ನೇ ಕೇಳಿ ಬಂದರು. ಸೋಮವಾರ ನಾನು ಶಾಲೆಯಲ್ಲಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ನನಗೆ ಪ್ಲೀಸ್, ಸಾರಿ, ಎಕ್ಸ್‌ಕ್ಯೂಸ್ ಮಿ ಎಲ್ಲ ಚೆನ್ನಾಗಿ ಕಲಿಸಿದ್ದರು. ಯಾಕೆ ಎಂದು ಕೇಳುವುದನ್ನು ಮಾತ್ರ ಯಾವ ಸಿಸ್ಟರೂ ಕಲಿಸಿರಲಿಲ್ಲ.

ಹಾಗೆಂದು ಅತ್ತಿಗೆ ಕಟ್ಟು ಮುರಿಯುವವರಲ್ಲ. ಬೇರೆಯವರು ಹಾಕಿದ ಕಟ್ಟನ್ನು ಪ್ರಶ್ನಿಸುತ್ತಿದ್ದರು, ತಾವೇ ಹಾಕಿಕೊಂಡದ್ದನ್ನು ಮಿಲಿಟರಿಯವರ ಹಾಗೆ ಪಾಲಿಸುತ್ತಿದ್ದರು. ನಾವು ಜೈನರು. ಮದುವೆಯಾದ ವರ್ಷವೇ ಅವರು ಬಸದಿಯಲ್ಲಿ ನಿಂತು, ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ ಎಂದು ವ್ರತ ಹಿಡಿದಿದ್ದರು. ನಾನೋ, ಬೋರ್ಡಿಂಗಿನಲ್ಲಿ ದೀಪದ ಬೆಳಕಿನ ಸಪ್ಪರ್ ಉಂಡು ಬೆಳೆದವಳು. ಅದಕ್ಕೆ ಒಂದು ದಿನವೂ ನನ್ನನ್ನು ಆಕ್ಷೇಪಿಸಲಿಲ್ಲ. "ನಿನ್ನ ಹೊಟ್ಟೆ, ನಿನ್ನ ಹೊತ್ತು" ಎನ್ನುತ್ತಿದ್ದರು.

ಭಾದ್ರಪದದ ಹತ್ತು ದಿನದ ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿಯ ದಿನ ಬರುತ್ತದೆ. ವರ್ಷವಿಡೀ ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳಿಕೊಳ್ಳುತ್ತೇವೆ. ಈಗೀಗ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸಿದರೆ ಕೆಲಸ ಮುಗಿಯಿತು. ಅತ್ತಿಗೆ ಮಾತ್ರ ಕೊಡೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಯಾವ ತಪ್ಪಿಗೆ ಎಂದು ಬಿಡಿಸಿ ಹೇಳಿಯೇ ಕೇಳುತ್ತಿದ್ದರು. "ಮೊನ್ನೆ ನಿನ್ನ ಸೊಸೆಯನ್ನು ಸೋಮಾರಿ ಅಂದೆ. ಸೋಮಾರಿ ಹೌದು. ಆದರೂ ಹೇಳಬಾರದಿತ್ತು, ಕ್ಷಮಿಸು." ಕೆಲವರು ಅತ್ತಿಗೆ ಬರುವುದು ಕಂಡರೆ ಹಿಂಬಾಗಿಲಿನಿಂದ ತೋಟಕ್ಕೆ ಇಳಿಯುತ್ತಿದ್ದರು.

ಅಂಥದೊಂದು ಸಂಜೆ, ಸುತ್ತಾಟ ಮುಗಿಸಿ ನಮ್ಮ ಸಿಟೌಟಿನಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಾ ಹೇಳಿದರು:

"ಎಲ್ಲರ ಹತ್ತಿರ ಕೇಳಿ ಆಯಿತು. ಒಂದು ಬಾಕಿ ಉಂಟು. ಪ್ರತಿ ವರ್ಷ ಬಾಕಿ ಆಗ್ತದೆ."

"ಯಾರದ್ದು ಅತ್ತಿಗೆ?"

"ತಿಮಿಂಗಿಲದ್ದು."

ನಾನು ನಕ್ಕೆ. ಅವರು ನಗಲಿಲ್ಲ. ಚಿಕ್ಕವರಿದ್ದಾಗ ಸುರತ್ಕಲ್ ಆಚೆಯ ಕಡಲಕರೆಗೆ ದೊಡ್ಡ ತಿಮಿಂಗಿಲವೊಂದು ಬಂದು ಬಿದ್ದಿತ್ತಂತೆ. ಸತ್ತಿದೆ ಎಂದುಕೊಂಡು ಊರೂರಿನಿಂದ ಜನ ನೋಡಲು ಹೋಗಿದ್ದರು. ಅಪ್ಪನ ಜೊತೆ ಇವರೂ ಹೋಗಿದ್ದರು. ಗಂಡಸರು ಅದರ ಮೇಲೆ ಹತ್ತಿ ನಿಲ್ಲುವುದನ್ನು ಕಂಡು ಹಟ ಹಿಡಿದಾಗ ಅಪ್ಪ ಮಗಳನ್ನೂ ಎತ್ತಿ ಬೆನ್ನ ಮೇಲೆ ನಿಲ್ಲಿಸಿದರು.

"ನಾನು ಕುಣಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಕಾಲಿನ ಕೆಳಗೆ ಮಿಸುಕಿತು ಮಾರಾಯ್ತಿ. ಜೀವ ಇತ್ತು ಅದಕ್ಕೆ."

"ನೀವು ಸಣ್ಣ ಮಗು ಅಲ್ವಾ ಅತ್ತಿಗೆ..."

"ಸಣ್ಣವಳೇ. ಆದರೆ ಗೊತ್ತಾಯ್ತಲ್ಲ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಳಗೆ ಇಳಿಸ್ತಾರೆ ಅಂತ ಮತ್ತೂ ಕುಣಿದೆ."

ಅದು ಹೋಯಿತು, ಅದರ ಕುಲದ ಒಂದರ ಹತ್ತಿರವಾದರೂ, ಜೀವ ಇರುವುದರ ಹತ್ತಿರ, ಮುಖಾಮುಖಿ ಕೇಳಬೇಕು. ಅವರ ಆಸೆ ಇಷ್ಟೇ.

ನನ್ನ ತಂಗಿಯ ಮಗಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನರ್ಸ್. ಬಾ ದೊಡ್ಡಮ್ಮ, ಬಾ ದೊಡ್ಡಮ್ಮ ಎಂದು ವರ್ಷಗಳಿಂದ ಕರೆಯುತ್ತಿದ್ದಳು. ಅವಳ ಊರಿನಿಂದ ಕಾರಿನಲ್ಲಿ ಹೋದರೆ ದಕ್ಷಿಣದ ತುದಿಯಲ್ಲಿ ಒಂದು ಹಳೆಯ ಬಂದರು ಊರು ಉಂಟು, ಹಿಂದೆ ತಿಮಿಂಗಿಲ ಕೊಂದು ಎಣ್ಣೆ ತೆಗೆಯುವುದೇ ಅಲ್ಲಿನ ಕಸುಬಂತೆ, ಈಗ ಬೋಟಿನಲ್ಲಿ ಕರೆದೊಯ್ದು ಅವನ್ನೇ ತೋರಿಸುತ್ತಾರಂತೆ, ಜನ ವೀಕೆಂಡ್ ಕಳೆಯಲು ಹೋಗುತ್ತಾರಂತೆ ಎಂದು ಫೋನಿನಲ್ಲಿ ಹೇಳಿದಳು. ನಾನು ಅತ್ತಿಗೆಗೆ ಹೇಳಿದೆ.

"ಹೋಗುವ" ಎಂದರು. ಊರ ಬಸ್‌ಸ್ಟ್ಯಾಂಡಿಗೆ ಹೋಗುವ ಎಂದಷ್ಟೇ ಸಲೀಸಾಗಿ.

ವೀಸಾ, ಟಿಕೆಟ್ ಎಲ್ಲ ಆಗುವಾಗ ಮುಂದಿನ ವರ್ಷದ ಮಳೆಗಾಲ ಬಂತು. ಮಗ ಬಂಟ್ವಾಳದಿಂದ ಓಡಿ ಬಂದ. ಶುಗರ್ ಉಂಟು, ಹಾರ್ಟು ವೀಕ್ ಎಂದು ಡಾಕ್ಟರ್ ಹೇಳಿದ್ದಾರೆ, ಈ ಪ್ರಾಯದಲ್ಲಿ ಬೋಟೇ? ಅವನದು ಸಿಟ್ಟಲ್ಲ, ಭಯ. ಅಮ್ಮನನ್ನು ಕಂಡರೆ ಅವನಿಗೆ ಪ್ರಾಣ.

"ಅಮ್ಮ, ನಾನು ಯೂಟ್ಯೂಬಿನಲ್ಲಿ ತೋರಿಸ್ತೇನೆ. ಎಷ್ಟು ಬೇಕಾದರೂ ತಿಮಿಂಗಿಲ ಉಂಟು."

"ಯೂಟ್ಯೂಬಿನಲ್ಲಿ ಕ್ಷಮೆ ಕೇಳಲಿಕ್ಕೆ ಆಗ್ತದಾ?"

"ಮಾಮಿ, ನೀವಾದರೂ ಹೇಳಿ. ಇದು ಚಾತುರ್ಮಾಸ. ಪ್ರಯಾಣ ಮಾಡಬಾರದು."

"ಅದು ಮುನಿಗಳಿಗೆ" ಎಂದರು ಅತ್ತಿಗೆ. "ನಾನು ಯಾವಾಗ ಮುನಿ ಆದೆ?"

ನಮ್ಮಲ್ಲಿ ಆಟಿ ತಿಂಗಳ ಮಳೆ ಹೊಯ್ಯುವಾಗ ಅಲ್ಲಿ ಕೊರೆಯುವ ಚಳಿ. ಶುಕ್ರವಾರ ತಂಗಿಯ ಮಗಳ ಕಾರಿನಲ್ಲಿ ಪರ್ತ್‌ನಿಂದ ಹೊರಟು ಸಂಜೆಗೆ ಆ ಬಂದರು ಊರು ಸೇರಿದೆವು. ಬೂದು ಬಂಡೆಗಳು, ಕಲ್ಲಿನ ಹಳೆಯ ಕಟ್ಟಡಗಳು, ಸೀರೆಯನ್ನು ಪಟದ ಹಾಗೆ ಎಳೆಯುವ ಗಾಳಿ. ಕಾಫಿ ಮಗ್ಗಿನ ಮೇಲೆ, ಟೀ ಶರ್ಟಿನ ಮೇಲೆ, ಬಿಸ್ಕತ್ತಿನ ಡಬ್ಬದ ಮೇಲೆ, ಎಲ್ಲಿ ನೋಡಿದರೂ ತಿಮಿಂಗಿಲದ ಚಿತ್ರ. "ಕೊಂದು ಮುಗಿಸಿ ಫೋಟೋ ಹಾಕಿದ್ದಾರೆ. ನಮ್ಮ ಚಾವಡಿಯಲ್ಲಿ ತೀರಿಹೋದ ಮಾವಂದಿರದ್ದು ಹಾಕಿದ ಹಾಗೆ" ಎಂದರು ಅತ್ತಿಗೆ.

ಮೋಟೆಲಿನ ನಲ್ಲಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸಿದರು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ನೀರು ಬಂದ ಕಡೆಗೇ ಬಿಡಬೇಕು, ಅದು ನಮ್ಮ ಕ್ರಮ. "ಆಂಟಿ, ಇದು ಪೈಪಿನ ನೀರು. ಎಲ್ಲಿಂದ ಬರ್ತದೆ ಅಂತ ನನಗೆ ದೇವರಾಣೆ ಗೊತ್ತಿಲ್ಲ" ಎಂದಳು ತಂಗಿಯ ಮಗಳು. ನಲ್ಲಿಗೆ ಕಟ್ಟಿದ ಬಟ್ಟೆ ಕಂಡ ಮೋಟೆಲಿನ ಹೆಂಗಸು ಪ್ಲಂಬರನ್ನು ಕರೆಯಲೇ ಎಂದು ಗಾಬರಿಯಿಂದ ಕೇಳಿದಳು.

ಶನಿವಾರ ಬೆಳಿಗ್ಗೆ ಹಳೆಯ ತಿಮಿಂಗಿಲ ಕಾರ್ಖಾನೆಗೆ ಹೋದೆವು. ಈಗ ಅದು ಮ್ಯೂಸಿಯಂ. ಕಡಲಿನಿಂದ ಎಳೆದು ತಂದು ಕೊಯ್ಯುತ್ತಿದ್ದ ಮರದ ಹಾಸು, ಎಣ್ಣೆ ಕುದಿಸುವ ಹಂಡೆಗಳು, ಬೋಟಿನ ಮೂತಿಯಲ್ಲಿ ಈಟಿ ಹಾರಿಸುವ ಗನ್ನು. ಗೈಡ್ ಒಬ್ಬ ಮುದುಕ, ಹರೆಯದಲ್ಲಿ ಅಲ್ಲೇ ಕೆಲಸ ಮಾಡಿದವನು. ಒಳ್ಳೆಯ ಮನುಷ್ಯ, ಅತ್ತಿಗೆಗೆ ಕುರ್ಚಿ ತಂದು ಕೊಟ್ಟ.

"ಇವನು ಎಷ್ಟು ಕೊಂದಿದ್ದಾನೆ ಕೇಳು" ಎಂದರು.

"ಅತ್ತಿಗೆ, ಹಾಗೆಲ್ಲ ಕೇಳಬಾರದು. ಇಟ್ ಈಸ್ ನಾಟ್ ಡನ್."

"ಕೊಲ್ಲಬಹುದು, ಕೇಳಬಾರದಾ?"

ಇದ್ದಬದ್ದ ಮ್ಯಾನರ್ಸನ್ನೆಲ್ಲ ಸೇರಿಸಿ, ಪಾರ್ಡನ್ ಮಿ ಸರ್ ಎಂದು ಶುರುಮಾಡಿ ಕೇಳಿದೆ. ಅವನು ತಾನು ಗನ್ನು ಹಿಡಿದವನಲ್ಲ, ಹಂಡೆಯ ಬೆಂಕಿ ನೋಡಿಕೊಂಡವನು ಎಂದ. ಲೆಕ್ಕ ಇಟ್ಟಿಲ್ಲ ಎಂದ. ಆ ವಾಸನೆಗೆ ಡ್ಯಾನ್ಸಿನಲ್ಲಿ ಒಬ್ಬ ಹುಡುಗಿಯೂ ಹತ್ತಿರ ಬರುತ್ತಿರಲಿಲ್ಲ ಎಂದು ನಕ್ಕ.

"ಕ್ಷಮೆ ಕೇಳಿದ್ದಾನಾ ಕೇಳು."

"ಯಾರನ್ನು ಕೇಳುವುದು ಮೇಡಂ?" ಎಂದ ಅವನು, ನಗು ನಿಲ್ಲಿಸಿ.

"ನಾವು ನಾಳೆ ಹೋಗ್ತೇವೆ. ಬೇಕಾದರೆ ನಮ್ಮೊಟ್ಟಿಗೆ ಬರಲಿ. ಹೇಳು."

ಹೇಳಿದೆ. ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಭಾನುವಾರ ಬೆಳಗಿನ ಬೋಟು ಗಾಳಿಯಿಂದಾಗಿ ರದ್ದಾಯಿತು. ಮಧ್ಯಾಹ್ನ ಬಿಡುತ್ತೇವೆ, ಕತ್ತಲಾಗುವುದರೊಳಗೆ ಬರುತ್ತೇವೆ ಎಂದರು. ಅಲ್ಲಿ ಚಳಿಗಾಲದಲ್ಲಿ ಸೂರ್ಯನಿಗೆ ಅವಸರ. ತಂಗಿಯ ಮಗಳು ಮುಖ ಗಂಟು ಹಾಕಿದಳು. "ಆಂಟಿ, ಶುಗರಿನ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಡೇಂಜರ್. ನಿಮ್ಮದು ಹೊತ್ತು ಮುಳುಗುವ ಮೊದಲೇ ಆಗಬೇಕು. ಬೋಟು ಲೇಟಾದರೆ?" ಅಷ್ಟರಲ್ಲಿ ಬಂಟ್ವಾಳದಿಂದ ವಿಡಿಯೊ ಕಾಲ್. "ಹತ್ತಿಸಬೇಡಿ, ಅಮ್ಮನನ್ನು ಬೋಟು ಹತ್ತಿಸಬೇಡಿ!" ಅತ್ತಿಗೆ ಫೋನ್ ಇಸಕೊಂಡು, "ಮಗಾ, ಗಾಳಿಗೆ ಏನೂ ಕೇಳುವುದಿಲ್ಲ" ಎಂದು ನನ್ನ ಕೈಗೆ ಕೊಟ್ಟರು. ಎಲ್ಲವೂ ಕೇಳುತ್ತಿತ್ತು. ಅವಲಕ್ಕಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಬೋಟು ಬಿಡುವವರೆಗೂ ಜೆಟ್ಟಿಯ ಕಡೆಗೆ ನೋಡುತ್ತಿದ್ದರು. ಗೈಡ್ ಮುದುಕ ಬರಲಿಲ್ಲ.

ಬಹಳ ಹೊತ್ತು ಬರೀ ನೀರು. ಬೇರೆಯವರು ವಾಂತಿ ಮಾಡಿದರು, ಅತ್ತಿಗೆ ಮಾಡಲಿಲ್ಲ. ಹೊತ್ತು ಇಳಿಯತೊಡಗಿತು, ಬೋಟು ತಿರುಗಿತು. ಇನ್ನು ಕಾಣುವುದಿಲ್ಲ ಎಂದು ಅವರಿಗೂ ಅನ್ನಿಸಿರಬೇಕು. ಮಾತ್ರೆ ನುಂಗಿ ಡಬ್ಬಿಯ ಮುಚ್ಚಳ ತೆರೆದರು. ಆಗ ಬೋಟು ನಡೆಸುವ ಹುಡುಗಿ ಇಂಜಿನ್ ನಿಲ್ಲಿಸಿದಳು. ಬುಸ್ ಎಂದು ಉಸಿರು. ಕೊಳೆತ ಮೀನಿನ ವಾಸನೆಯ ಮಂಜು ನಮ್ಮ ಮುಖಕ್ಕೆ ಹೊಡೆಯಿತು. ಒಂದು ತಾಯಿ, ಪಕ್ಕದಲ್ಲಿ ಮರಿ. ಅವು ಹತ್ತಿರ ಇರುವಷ್ಟು ಹೊತ್ತು ಇಂಜಿನ್ ಶುರುಮಾಡುವ ಹಾಗಿಲ್ಲ ಎಂದಳು.

ಅತ್ತಿಗೆ ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟರು. ಕಂಬಿ ಹಿಡಿದು ಎದ್ದು ನಿಂತರು.

"ಆಂಟಿ, ಸೂರ್ಯ! ಎರಡು ತುತ್ತು ತಿನ್ನಿ, ಪ್ಲೀಸ್."

ಅವರಿಗೆ ಕೇಳಲಿಲ್ಲ. ತಾಯಿ ತಿಮಿಂಗಿಲ ಹೊರಳಿ ಮಗ್ಗುಲಾಯಿತು. ಸಣ್ಣ ಕಣ್ಣು, ಆನೆಯದರ ಹಾಗೆ, ಸುತ್ತ ಸುಕ್ಕು. ಅತ್ತಿಗೆ ಎರಡೂ ಕೈ ಜೋಡಿಸಿ, ನೆರೆಮನೆಯವಳ ಹತ್ತಿರ ಮಾತಾಡುವ ಸ್ವರದಲ್ಲಿ ಹೇಳಿದರು: "ನಿನ್ನವರ ಬೆನ್ನ ಮೇಲೆ ನಾನು ಕುಣಿದಿದ್ದೇನೆ. ಜೀವ ಉಂಟು ಅಂತ ಗೊತ್ತಿದ್ದೂ ಕುಣಿದೆ. ಕ್ಷಮಿಸು." ಮತ್ತೆ, "ಇದ್ದೀ ಅಲ್ಲ. ಇರು" ಎಂದರು.

ಅದು ಕ್ಷಮಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ತನ್ನಷ್ಟಕ್ಕೆ ಮುಳುಗಿತು. ಸೂರ್ಯನೂ ಮುಳುಗಿದ್ದ.

ಹಿಂದಿರುಗುವಾಗ ಆ ಚಳಿಯಲ್ಲೂ ಅತ್ತಿಗೆಯ ಹಣೆ ಒದ್ದೆಯಾಯಿತು, ಕೈ ನಡುಗಿತು, ಮಾತು ತೊದಲಿತು. ತಂಗಿಯ ಮಗಳು ಜ್ಯೂಸಿನ ಪ್ಯಾಕೆಟ್ ಚುಚ್ಚಿ ಬಾಯಿಗೆ ಹಿಡಿದಳು. ಅತ್ತಿಗೆ ಮುಖ ತಿರುಗಿಸಿದರು. "ಬೇಡ. ಹೊತ್ತು ಮುಳುಗಿತು." ಆಸ್ಪತ್ರೆಯಲ್ಲಿ ಎಷ್ಟೋ ಸಾವು ಕಂಡ ಹುಡುಗಿ, ಅವರ ಕಾಲ ಬುಡದಲ್ಲಿ ಮಂಡಿಯೂರಿ ಮಕ್ಕಳ ಹಾಗೆ ಅತ್ತಳು. ಅತ್ತಿಗೆ ಅವಳನ್ನು ನೋಡಿದರು.

"ಹೆದರಿದೆಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಒಂದು ಜೀವವನ್ನು ಇಷ್ಟು ಹೆದರಿಸಿ ನಾನು ಯಾವ ವ್ರತ ಉಳಿಸಲಿ? ತಾ ಇಲ್ಲಿ."

ಕುಡಿದರು. ಪೂರ್ತಿ. "ಸಿಹಿ ಜಾಸ್ತಿ ಮಾರಾಯ್ತಿ" ಎಂದರು.

ಚೇತರಿಸಿಕೊಂಡ ಮೇಲೆ ನಾನು ಕಿವಿಯ ಹತ್ತಿರ ಹೇಳಿದೆ, "ಅತ್ತಿಗೆ, ನಾನು ಯಾರಿಗೂ ಹೇಳುವುದಿಲ್ಲ."

"ಯಾಕೆ ಹೇಳಬಾರದು? ನಾನೇನು ಕದ್ದು ಕುಡಿದೆನಾ?"

ಊರಿಗೆ ಬಂದ ಮರುದಿನವೇ ಬಸದಿಗೆ ಹೋಗಿ ಉಪವಾಸವಿದ್ದು ಮತ್ತೆ ವ್ರತ ಹಿಡಿದರು. ಮಗನಿಗೂ ಹೇಳಿದರು. "ಅದು ಔಷಧಿ ಅಮ್ಮ, ಬಿಡಿ" ಎಂದ. "ಔಷಧಿ ಅಲ್ಲ. ಮುರಿದದ್ದು. ಮುರಿದದ್ದು ನಾನು" ಎಂದರು.

ಮುಂದಿನ ಬೇಸಿಗೆಯಲ್ಲಿ, ಊಟ ಮಾಡಿ ಮಲಗಿದವರು ಏಳಲಿಲ್ಲ.

ಉತ್ತರಕ್ರಿಯೆಯ ದಿನ ಬಂಟ್ವಾಳದ ಒಂದು ಸಭಾಭವನದಲ್ಲಿ ನುಡಿನಮನ ಇಟ್ಟಿದ್ದರು. ನನ್ನ ಹಿಂದಿನ ಸಾಲಿನಲ್ಲಿ ಹೆಂಗಸರ ಪಿಸುಮಾತು: "ಆ ಟ್ರಿಪ್ಪೇ ಕೊಂದದ್ದು. ಇವರೇ ಅಲ್ವಾ ಕರಕೊಂಡು ಹೋದದ್ದು." ಹೌದು, ನಾನೇ. ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಕರೆದುಕೊಂಡು ಹೋಗುತ್ತೇನೆ. ಮಗ ಮೈಕಿನ ಮುಂದೆ ನಿಂತು, ನಮ್ಮ ಅಮ್ಮ ಕೊನೆಯ ಉಸಿರಿನವರೆಗೆ ಒಂದು ದಿನವೂ ತಪ್ಪದೆ ಅಖಂಡ ವ್ರತ ನಡೆಸಿದವರು ಎಂದ. ಜನ ತಲೆದೂಗಿದರು. ನಾನು ಎದ್ದೆ. ಗಂಡಸರು ಮಾತಾಡುವ ಸಭೆಯಲ್ಲಿ ಕರೆಯದೆ ಎದ್ದು ನಿಂತದ್ದು ಈ ಜನ್ಮದಲ್ಲಿ ಅದೇ ಮೊದಲು. ವೇದಿಕೆ ಹತ್ತಿದೆ, ಮೈಕ್ ತೆಗೆದುಕೊಂಡೆ.

"ಅಖಂಡ ಅಲ್ಲ" ಎಂದೆ. "ಒಂದು ಸಂಜೆ ಮುರಿದಿದ್ದರು. ನಾನು ಪಕ್ಕದಲ್ಲೇ ಇದ್ದೆ."



"ಮಾಮಿ" ಎಂದ ಮಗ ಮೆಲ್ಲಗೆ, "ಇದನ್ನು ಇಲ್ಲಿ ಹೇಳಲೇಬೇಕಾ? ಕೂತುಕೊಳ್ಳಿ, ಪ್ಲೀಸ್."

ಅವನ ಕೈ ಮೈಕಿನ ಕಡೆಗೆ ಬಂತು. ನಾನು ಕೊಡಲಿಲ್ಲ. ತಿಮಿಂಗಿಲದ ವಿಷಯ ಇನ್ನೂ ಹೇಳಲಿಕ್ಕಿತ್ತು.