ಕಬ್ಬಿನ ಟ್ರಾಲಿಯ ಮೇಲೆ ಬೇಸ್ ಗಿಟಾರು

"ಮೇಡಂ, ಉಳದ ಎರಡು ತಂತಿ ಎಲ್ಲಿ ಹರಕೊಂಡ್ರಿ?"

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಮದುವೆಗಳಲ್ಲಿ ನಾನು ಬೇಸ್ ಗಿಟಾರು ನುಡಿಸುತ್ತ ತಿರುಗಿದ ವರ್ಷಗಳಲ್ಲಿ ಈ ಪ್ರಶ್ನೆ ಕೇಳದ ಊರಿರಲಿಲ್ಲ. ಗಿಟಾರಿಗೆ ಆರು ತಂತಿ ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನದಕ್ಕೆ ನಾಲ್ಕೇ. ಮೊದಮೊದಲು ನಿಂತು ವಿವರಿಸುತ್ತಿದ್ದೆ: ಇದು ಬೇರೆ ವಾದ್ಯ, ಹಾಡಿನ ಕೆಳಗಿನ ದನಿ ಇದರದ್ದು, ಇದರ ತಂತಿಗಳು ದಪ್ಪ. ಕೇಳಿದವರು ಅಷ್ಟರಲ್ಲಿ ಊಟದ ಪಂಕ್ತಿಗೆ ಹೋಗಿರುತ್ತಿದ್ದರು. ಆಮೇಲೆ "ದಪ್ಪ ಅದಾವಲ್ರಿ, ನಾಕಽ ಸಾಕು" ಎಂದು ಮುಗಿಸುವುದನ್ನು ಕಲಿತೆ. ಆ ಉತ್ತರ ಎಲ್ಲರಿಗೂ ಒಪ್ಪಿಗೆಯಾಗುತ್ತಿತ್ತು.

ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಹಿರಿಯ ಗೆಳತಿಯೊಬ್ಬಳು ಊರಿಗೆ ಮರಳುವಾಗ ತನ್ನ ಬೇಸ್ ಗಿಟಾರನ್ನು ನನ್ನ ಮಂಚದ ಮೇಲೆ ಇಟ್ಟುಹೋಗಿದ್ದಳು. ನುಡಿಸುವವರು ಹಿಂದೆ, ಡ್ರಮ್ಮಿನ ಪಕ್ಕ ನಿಲ್ಲುತ್ತಾರೆ, ಅವರನ್ನು ಯಾರೂ ನೋಡುವುದಿಲ್ಲ ಎಂದು ಅವಳು ಹೇಳಿದ್ದಳು. ನಾನು ಅದನ್ನು ಕಲಿಯಲು ಕಾರಣ ಅದೇ. ಓದು ಮುಗಿಸಿ ಚಿಕ್ಕೋಡಿಗೆ ಬಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ನಮ್ಮ ಓಣಿಯ ಬುದ್ಧವಿಹಾರದಲ್ಲಿ ಭೀಮಗೀತೆಗಳ ಕಾರ್ಯಕ್ರಮವಿದ್ದಾಗ ಹಿಂದೆ ನಿಂತು ನುಡಿಸಿದೆ. ಅಂದು ಕೀಬೋರ್ಡು ಬಾರಿಸಲು ನಿಪ್ಪಾಣಿಯಿಂದ ಬಂದವರು ಒಂದು ಆರ್ಕೆಸ್ಟ್ರಾ ಕಟ್ಟಿದ್ದರು. ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಬಂದು, "ಲಗ್ನಕ್ಕ ಬರ್ತೀರೇನ್ರಿ ಮೇಡಂ? ಆಯ್ತವಾರ ಆಯ್ತವಾರ" ಎಂದು ಕೇಳಿದರು. ಭಾನುವಾರ ಕಾಲೇಜು ಇರುವುದಿಲ್ಲ. ನಾನು ಹೌದೆಂದೆ. ಅಷ್ಟು ಬೇಗ ಹೌದೆಂದದ್ದು ನನಗೇ ಆಶ್ಚರ್ಯವಾಗಿತ್ತು.

ನಮ್ಮ ಕಡೆ ಬೇಸ್ ತಂತಿ ಮಾರುವ ಅಂಗಡಿ ಇರಲಿಲ್ಲ. ಕೊಲ್ಹಾಪುರಕ್ಕೆ ಹೋಗಬೇಕು, ಅಲ್ಲಿಯೂ ಸಿಕ್ಕರೆ ಸಿಕ್ಕಿತು. ಬೆರಳಿನ ಬೆವರು, ಜಿಡ್ಡು ಕೂತು ತಂತಿಗಳು ಮಂಕಾದಾಗ ಅವನ್ನು ಬಿಚ್ಚಿ ನೀರಿನಲ್ಲಿ ಕುದಿಸಿದರೆ ಮತ್ತೆ ಒಂದೆರಡು ತಿಂಗಳು ಚುರುಕಾಗುತ್ತವೆ. ಮೊದಲ ಸಲ ಕುದಿಸುತ್ತಿದ್ದಾಗ ಅವ್ವ ಅಡುಗೆಮನೆಗೆ ಬಂದಳು.

"ಶಾವಿಗಿ ಕುದಸಾಕತ್ತೀಯೇನ?"

"ತಂತಿ ಕುದಸಾಕತ್ತೀನವ್ವ."

ಪಾತ್ರೆಯೊಳಗೆ ಬಗ್ಗಿ ನೋಡಿ ಹೇಳಿದಳು: "ಉಪ್ಪು ಹಾಕೀಯೋ ಇಲ್ಲೋ ಮತ್ತ?"

ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ ಸವೆದು, ಒಂದು ತಂತಿ ಜಿರ್ರೆನ್ನತೊಡಗಿದಾಗ ಅದನ್ನು ಮಿರಜಿಗೆ ಒಯ್ದೆ. ಅಲ್ಲಿ ಸಿತಾರು ಮಾಡುವ ಮುದುಕರೊಬ್ಬರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ನೋಡಿದರು. ಬೇಸ್ ಗಿಟಾರನ್ನು ಅವರು ಮೊದಲ ಬಾರಿಗೆ ಮುಟ್ಟುತ್ತಿದ್ದರು. ಒಂದು ತಂತಿ ಮೀಟಿ, ದನಿ ಪೂರ್ತಿ ಆರುವವರೆಗೆ ಕಾದು, "ಇದು ಸಿತಾರಿನ ದೊಡ್ಡಪ್ಪ ಇದ್ದಂಗ ಐತ್ರಿ ಬಾಯಿ. ಮೈ ದೊಡ್ಡದು, ಮಾತು ಕಡಿಮಿ" ಎಂದರು. ಎಲುಬಿನ ತುಂಡೊಂದನ್ನು ಅರದಿಂದ ಉಜ್ಜಿ, ನಾಲ್ಕು ಕಚ್ಚು ಹಾಕಿ ಕೂರಿಸಿಕೊಟ್ಟರು. ಆ ಪಟ್ಟಿ ಇವತ್ತಿಗೂ ಅಲ್ಲಾಡಿಲ್ಲ.

ಇನ್ನು ನನ್ನ ಡಬ್ಬಿ. ಗಿಟಾರಿನ ದನಿಯನ್ನು ದೊಡ್ಡದು ಮಾಡುವ, ಸ್ಪೀಕರು ಒಳಗೇ ಇರುವ ಪೆಟ್ಟಿಗೆಯದು. ಅರ್ಧ ಚೀಲ ಜೋಳದ ತೂಕ. ನಿಪ್ಪಾಣಿಗೆ ಹೋಗಿ ಆರ್ಕೆಸ್ಟ್ರಾದ ಗಾಡಿ ಹತ್ತುವವರೆಗೆ ಅದನ್ನು ಬಸ್ಸಿನಲ್ಲೇ ಒಯ್ಯಬೇಕಿತ್ತು. ಅಪ್ಪ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಿದ್ದುದರಿಂದ ಕಂಡಕ್ಟರುಗಳೆಲ್ಲ ನನ್ನನ್ನು ಬಲ್ಲವರೇ. "ಸಾಹೇಬ್ರ ಮಗಳು ಮತ್ತ ಟಿವಿ ಹೊತ್ಕೊಂಡು ಹೊಂಟಾಳ. ಸರೀರಿ, ಟಿವಿಗೆ ಜಾಗಾ ಬಿಡ್ರಿ" ಎಂದು ಕೂಗುತ್ತಿದ್ದರು. ತಲೆ ತಗ್ಗಿಸಿ ಹತ್ತುತ್ತಿದ್ದೆ. ಆದರೆ ಸಿಟ್ಟು ಬರುತ್ತಿರಲಿಲ್ಲ.

ಕಷ್ಟವಾದದ್ದು ಬೇರೆ. ಹಳ್ಳಿಯ ಮದುವೆಗಳಲ್ಲಿ ಮೈಕಿನವರು ಮರಕ್ಕೆ, ಕಂಬಕ್ಕೆ ಭೋಂಗಾ ಕಟ್ಟುತ್ತಿದ್ದರು. ತುತ್ತೂರಿಯ ಬಾಯಿಯಂಥ ಆ ಧ್ವನಿವರ್ಧಕದಲ್ಲಿ ಮಂತ್ರ, ಹಾಡು, 'ಊಟಕ್ಕೆ ಏಳಿರಿ' ಎಂಬ ಕರೆ ಎಲ್ಲವೂ ಎರಡು ಊರಿನಾಚೆ ಕೇಳಿಸುತ್ತವೆ. ಕೆಳಗಿನ ಸ್ವರಗಳು ಮಾತ್ರ ಅದರಿಂದ ಹೊರಬರುವುದೇ ಇಲ್ಲ. ಮೈಕಿನವರು ನನ್ನ ವಾಯರನ್ನು ಪ್ರೀತಿಯಿಂದಲೇ ಇಸಿದುಕೊಂಡು ಭೋಂಗಾಕ್ಕೆ ಜೋಡಿಸುತ್ತಿದ್ದರು. ನಿಮ್ಮ ಡಬ್ಬಿ ಯಾಕೆ, ನಮ್ಮದು ಕೃಷ್ಣಾ ನದಿಯ ಆಚೆ ದಂಡೆಗೂ ಕೇಳಿಸುತ್ತದೆ ಎನ್ನುವುದು ಅವರ ಹೆಮ್ಮೆ. ಪರಿಣಾಮವೆಂದರೆ, ಇಡೀ ಒಂದು ಸೀಜನ್ನು ನಾನು ತಪ್ಪಿಲ್ಲದೆ, ತಾಳ ಬಿಡದೆ ನುಡಿಸಿದೆ, ಮತ್ತು ಅದನ್ನು ನನ್ನ ಹೊರತು ಯಾರೂ ಕೇಳಲಿಲ್ಲ. ಯಾರೂ ನೋಡದ ಜಾಗ ಬೇಕೆಂದು ಆರಿಸಿಕೊಂಡವಳು ನಾನೇ. ಯಾರೂ ಕೇಳದಿದ್ದರೆ ಹೇಗಿರುತ್ತದೆಂದು ಮಾತ್ರ ಯೋಚಿಸಿರಲಿಲ್ಲ.

ಎರಡನೆಯ ಸೀಜನ್ನಿನ ನಡುವೆ ಒಂದು ದಿನ ಮಾಸ್ತರರು ಫೋನ್ ಮಾಡಿದರು. ಸುತ್ತುಬಳಸದೆ ಮಾತಾಡುವ ಮನುಷ್ಯ.

"ಮೇಡಂ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಗಾಡ್ಯಾಗ ಆರು ಮಂದಿಗೆ ಜಾಗಾ ಐತಿ. ಮಂದಿ ಹಲಗಿ ಬೇಕು ಹಲಗಿ ಬೇಕು ಅಂತಾರ. ನಿಮ್ಮ ತಂತಿ ಯಾರೂ ಕೇಳೂದಿಲ್ಲ. ಐನಾಪುರದ್ದು ಒಂದು ಲಗ್ನ ನೋಡೂಣು. ಅಲ್ಲಿ ಯಾರರೆ ಒಬ್ಬರು ನಿಮ್ಮ ತಂತಿ ಬೇಕು ಅಂದ್ರ ನೀವು ಇರ್ರಿ. ಇಲ್ಲಾಂದ್ರ ಹಲಗಿಯಂವನ್ನ ಹತ್ತಿಸ್ಕೋತೀನಿ."

"ಆಯ್ತ್ರಿ" ಎಂದೆ. ಹಲಗೆಯ ಬಡಿತಕ್ಕೆ ಜನ ಕುಣಿಯುತ್ತಾರೆ, ಅನ್ಯಾಯವೆನ್ನುವಂತಿರಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಪಾಠದ ಟಿಪ್ಪಣಿ ಬರೆಯಲು ಕೂತು ಒಂದೇ ಸಾಲನ್ನು ಮೂರು ಸಲ ಬರೆದೆ. ವಾರವಿಡೀ ನಾನು ಹೆಚ್ಚು ಮಾತಾಡುವವಳಲ್ಲ. ಭಾನುವಾರ ಆ ನಾಲ್ಕು ತಂತಿಗಳ ಹಿಂದೆ ನಿಂತಾಗ ಮಾತ್ರ ನಾನು ಆರು ಜನರ ನಡುವೆ ಒಬ್ಬಳಾಗಿರುತ್ತಿದ್ದೆ. ಅದು ಹೋಗುವುದು ನನಗೆ ಬೇಡವಾಗಿತ್ತು.

ಐನಾಪುರದ ಮನೆಯವರು ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಕುಟುಂಬದವರು. ಮನೆಯ ಮುಂದಿನ ಹೊಲದಲ್ಲಿ ಪೆಂಡಾಲು ಹಾಕಿದ್ದರು. ವಧೂವರರ ಮಂಟಪ ಒಂದು ಕಡೆ. ನಮಗೆ ಸ್ಟೇಜೆಂದು ಕಬ್ಬು ಸಾಗಿಸುವ ಎರಡು ಟ್ರಾಲಿಗಳನ್ನು ಒಂದಕ್ಕೊಂದು ಜೋಡಿಸಿ, ಬದಿಯ ತಗಡಿನ ಫಳಿಗಳನ್ನು ಕೆಳಕ್ಕೆ ಇಳಿಬಿಟ್ಟು, ಮೇಲೆ ಜಮಖಾನೆ ಹಾಸಿದ್ದರು. ಬೇಸಿಗೆಯಲ್ಲಿ ಸಕ್ಕರೆ ಕಾರ್ಖಾನೆ ನಿಂತ ಮೇಲೆ ಟ್ರಾಲಿಗಳಿಗೆ ಕೆಲಸವಿರುವುದಿಲ್ಲ. ಹೀಗಾಗಿ ನಮ್ಮ ಕಡೆಯ ಎಷ್ಟೋ ಸ್ಟೇಜುಗಳು ಚಕ್ರದ ಮೇಲೆಯೇ ಇರುತ್ತವೆ.

ಬೆಳಿಗ್ಗೆ ಒಂಬತ್ತಕ್ಕೆ ಮೈಕಿನವನು ಎಂದಿನಂತೆ ನನ್ನ ವಾಯರಿಗೆ ಕೈ ಚಾಚಿದ. ನಮ್ಮ ಢೋಲಕಿಯವನ ಕೈಗೆ ಗಿಟಾರು ಕೊಟ್ಟು, ತಂತಿ ಮೀಟುತ್ತಿರು ಎಂದು ಹೇಳಿ ನಾನು ಪೆಂಡಾಲಿನ ತುದಿಗೆ ನಡೆದೆ. ಬಕೆಟ್ಟಿಗೆ ಉಗುರು ಬಡಿದಂಥ ಟಿಣ್ ಟಿಣ್ ಬಿಟ್ಟರೆ ಏನೂ ಇಲ್ಲ. ವಾಪಸು ಬಂದು ವಾಯರು ಕಿತ್ತೆ. ನನ್ನ ಡಬ್ಬಿಯನ್ನು ಟ್ರಾಲಿಯ ನಡುವೆ, ಜಮಖಾನೆ ಸರಿಸಿ, ನೇರವಾಗಿ ಕಬ್ಬಿಣದ ತಗಡಿನ ಮೇಲೆ ಇಟ್ಟೆ. ಅಷ್ಟು ಅಗಲದ ತಗಡು ತಾನೂ ಅದುರಿದರೆ ದನಿ ಅದರ ಗುಂಟ ಹರಡಬಹುದು ಎಂಬುದು ನನ್ನ ಲೆಕ್ಕ.

ಮೊದಲ ಸ್ವರ ನುಡಿಸಿದ ಕೂಡಲೇ ಟ್ರಾಲಿಯ ಸರಪಳಿ, ಕೊಂಡಿ, ಪಿನ್ನುಗಳೆಲ್ಲ ಒಟ್ಟಿಗೆ ಗಡಗಡ ಎಂದವು.

"ಏ ಹಿಡೀರಲೇ, ಟ್ರಾಲಿ ಹಳ್ಳಕ್ಕ ಬಿತ್ತು!" ಢೋಲಕಿಯವನು ಕಂಬ ತಬ್ಬಿಕೊಂಡು ನಿಂತ. ಸೌಟು ಹಿಡಿದ ಅಡುಗೆಯವರೂ ಹೊರಗೆ ಬಂದು ನಕ್ಕರು. ಮಾಸ್ತರರು ನಗಲಿಲ್ಲ. ಕೈಗಡಿಯಾರ ತೋರಿಸಿ, "ಹಾಡು ಶುರುವಾಗಾಕ ಅರ್ಧಾ ತಾಸು ಐತಿ ಮೇಡಂ" ಎಂದರು.

ದುಪಟ್ಟಾ ಸೊಂಟಕ್ಕೆ ಬಿಗಿದು ಟ್ರಾಲಿಯ ಕೆಳಗೆ ಇಳಿದೆ. ಢೋಲಕಿಯವನು ಮೇಲೆ ಒಂದೊಂದೇ ಸ್ವರ ಮೀಟುವುದು, ಕೆಳಗೆ ಯಾವುದು ಅಲ್ಲಾಡುತ್ತದೆಂದು ನಾನು ಹುಡುಕುವುದು. ಪ್ರತಿ ಸ್ವರಕ್ಕೂ ಬೇರೆ ಬೇರೆ ಕೊಂಡಿ ಮಾತಾಡುತ್ತಿತ್ತು. ಚಕ್ರದ ನೆರಳಿನಲ್ಲಿ ವರನ ಅಜ್ಜಿ ಬಂದು ಬಗ್ಗಿ ನೋಡಿದರು.

"ಯಾಕ ಬೇ ತಂಗಿ, ಲಗ್ನಕ್ಕ ಬಂದು ಟ್ರಾಲಿ ರಿಪೇರಿ ಮಾಡಾಕತ್ತಿ?"

ಸದ್ದು ನಿಲ್ಲಿಸಬೇಕು ಎಂದೆ. ಅಜ್ಜಿ ಒಳಗೆ ಕೂಗಿದರು. ಒಣದ್ರಾಕ್ಷಿ ತುಂಬಿದ್ದ ಹಳೆಯ ಚೀಲಗಳು, ಹರಿದ ಸೀರೆ ಬಂದವು. "ಹಿಂದಿನ ಕೊಕ್ಕಿ ಮೊದಲ ಕಟ್ಟು. ಅದು ಗೌಡರ ಮಗಳಿದ್ದಂಗ, ಸುಮ್ನಿದ್ರೂ ಒದರತೈತಿ" ಎಂದರು. ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ನಾವಿಬ್ಬರೂ ಸರಪಳಿ ಸುತ್ತಿದೆವು, ಫಳಿಯ ಸಂದಿಗೆ ಚೀಲ ತುರುಕಿದೆವು. ಕೊನೆಗೆ ಸ್ವರ ಮೀಟಿದಾಗ ಗಡಗಡ ಇರಲಿಲ್ಲ. ಕಾಲ ಕೆಳಗೆ ಏನೋ ಅಗಲವಾಗಿ, ಮೆತ್ತಗೆ ಮಿಡಿಯಿತು. ಅಜ್ಜಿ ಅಲ್ಲೇ ಚಾಪೆ ಹಾಸಿ ಟ್ರಾಲಿಗೆ ಬೆನ್ನು ಕೊಟ್ಟು ಕೂತರು. ಅವರ ಪಕ್ಕ ಅವರ ವಾರಿಗೆಯವರು ಮೂರ್ನಾಲ್ಕು ಮಂದಿ.

ಮಧ್ಯಾಹ್ನ ಅಕ್ಷತೆ ಬಿದ್ದ ಮೇಲೆ ಕುಣಿತ ಶುರುವಾಯಿತು. ನಾನು ಎಂದಿನ ಜಾಗದಲ್ಲಿ, ಎಲ್ಲರ ಹಿಂದೆ. ಮನೆಯ ಸೊಸೆಯಂದಿರು, ವರನ ಗೆಳೆಯರು ಟ್ರಾಲಿಯ ಮುಂದೆ ಗುಂಪುಗೂಡಿದರು. ಮೂರನೆಯ ಹಾಡಿನ ನಡುವೆ ಮಾಸ್ತರರು ನನ್ನತ್ತ ತಿರುಗಿ ಅಂಗೈ ತೋರಿಸಿದರು: ನಿಲ್ಲಿಸಿ. ಪರೀಕ್ಷೆ ಇದೇ ಎಂದು ತಿಳಿಯಿತು. ಕೈ ಎತ್ತಿದೆ. ಹಾಡು ಮುಂದುವರಿಯಿತು, ಢೋಲಕಿ ಮುಂದುವರಿಯಿತು. ನಾನು ಎಣಿಸುತ್ತಿದ್ದೆ: ಒಂದು ಆವರ್ತ, ಎರಡು, ಮೂರು. ಯಾರೂ ತಿರುಗಲಿಲ್ಲ. ಮಾಸ್ತರರು ಕಣ್ಣಲ್ಲೇ 'ನೋಡಿದಿರಾ?' ಎಂದರು.

ಐದನೆಯ ಆವರ್ತಕ್ಕೆ ಕುಣಿಯುತ್ತಿದ್ದ ಸೊಸೆಯೊಬ್ಬಳ ಹೆಜ್ಜೆ ತಪ್ಪಿತು. ಪಕ್ಕದವಳಿಗೆ ಹೇಳುತ್ತಿದ್ದಳು: "ಕರೆಂಟ್ ಹೋತೇನ? ಹಾಡು ಟೊಳ್ಳ ಆತಲ್ಲ." ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅವಳು ಫ್ಯಾನು ನೋಡಿದಳು, ಭೋಂಗಾ ನೋಡಿದಳು, ಅರ್ಥವಾಗದೆ ನಿಂತಳು.

ಅಷ್ಟರಲ್ಲಿ ಕೆಳಗಿನಿಂದ ಫಳಿಗೆ ಧಬಧಬ ಎಂದು ಬಡಿದ ಸದ್ದು. ಅಜ್ಜಿ ಎದ್ದು ನಿಂತಿದ್ದರು.

"ಯಾಕ ನಿಲ್ಲಿಸಿದಿ ಬೇ? ಬೆನ್ನಾಗ ಹಿತಾ ಅನ್ಸಾಕತ್ತಿತ್ತು!"

ಹಾಡು ನಿಂತಿತು. ಮಾಸ್ತರರು ಸೋಲೊಪ್ಪುವ ಮನುಷ್ಯರಲ್ಲ. "ನಿಂದರ ಆಯಿ, ನಾ ಬಾರಸ್ತೀನಿ" ಎಂದು ಕೀಬೋರ್ಡಿನ ಎಡ ತುದಿಯ ಕೆಳಗಿನ ಸ್ವರಗಳನ್ನು ಭೋಂಗಾದಲ್ಲಿ ನುಡಿಸಿದರು. ಅಜ್ಜಿ ಟ್ರಾಲಿಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ, ಪರೀಕ್ಷಿಸುವವರಂತೆ ನಿಂತರು.

"ಇದಲ್ಲೋ. ಇದು ಕಿವ್ಯಾಗ ಬರತೈತಿ. ಆಕೀದು ಬೆನ್ನಾಗ ಬರತೈತಿ. ಆ ಹಿಂದ ನಿಂತಾಳಲ್ಲ, ಆಕೀಗೆ ಬಾರ್ಸು ಅನ್ನು."

ಪೆಂಡಾಲಿನಲ್ಲಿದ್ದ ನಾಲ್ಕುನೂರು ಮುಖಗಳು ನನ್ನತ್ತ ತಿರುಗಿದವು. ಜೀವನದಲ್ಲಿ ಅಷ್ಟು ಜನ ಒಮ್ಮೆಲೇ ನನ್ನನ್ನು ನೋಡಿದ್ದು ಅದೇ ಮೊದಲು. ಆದರೂ ಓಡಿಹೋಗಬೇಕೆನಿಸಲಿಲ್ಲ. ಮಾಸ್ತರರು ನಗುತ್ತ ಎರಡೂ ಕೈ ಮೇಲೆತ್ತಿ, "ಹಚ್ರಿ ಮೇಡಂ, ಕೋರ್ಟಿನ ಆರ್ಡರ್ ಆಗೇತಿ" ಎಂದರು. ಹಾಡನ್ನು ಮೊದಲಿಂದ ಎತ್ತಿಕೊಂಡೆವು. ನಾನು ಒಬ್ಬಳೇ ಎರಡು ಆವರ್ತ ನುಡಿಸಿದೆ, ಆಮೇಲೆ ಢೋಲಕಿ ಸೇರಿತು, ಆಮೇಲೆ ಎಲ್ಲರೂ. ಸೊಸೆಯಂದಿರು ಬಂದು ಅಂಗೈಯನ್ನು ಟ್ರಾಲಿಯ ಫಳಿಗೆ ಹಚ್ಚಿ, "ಅಯ್ಯ, ಖರೇನಽ ಬರತೈತಿ!" ಎಂದು ಕಿರುಚಿ ಮತ್ತೆ ಕುಣಿಯಲು ಓಡಿದರು. ವರನ ತಂದೆ ಸಹ ಬಂದು ಒಂದು ನಿಮಿಷ ಗಂಭೀರವಾಗಿ ಫಳಿ ಮುಟ್ಟಿ ನಿಂತು, ತಲೆಯಾಡಿಸಿ ಹೋದರು. ಅವರಿಗೆ ಟ್ರಾಲಿಯ ಬಗ್ಗೆ ಹೆಮ್ಮೆಯಾದಂತಿತ್ತು.

ಊಟದ ಪಂಕ್ತಿಯಲ್ಲಿ ಮಾಸ್ತರರು ನನ್ನ ಎದುರು ಕೂತು ಬಹಳ ಹೊತ್ತು ಬುಂದಿ ತಿಂದರು. ಕಡೆಗೆ, "ಹಲಗಿಯಂವಗ ನಾ ಮಾತು ಕೊಟ್ಟೀನಿ. ನಿಮ್ಮನ್ನೂ ಬಿಡಾಕ ಆಗೂದಿಲ್ಲ. ಗಾಡ್ಯಾಗ ಏಳು ಮಂದಿ ಹೆಂಗ ಕುಂದ್ರೂದು?" ಎಂದರು.

"ನೀವು ಟಾಪಿನ ಮ್ಯಾಲ ಕುಂದರ್ರಿ ಮಾಸ್ತರ, ಗಾಳಿ ಹತ್ತತೈತಿ" ಎಂದ ಢೋಲಕಿಯವನು.

ನನಗೆ ನಗು ತಡೆಯಲಾಗಲಿಲ್ಲ. ಸಾರು ನೆತ್ತಿಗೇರಿತು. ಬಡಿಸುವವರು ನೀರು ತರಲು ಓಡಿದರು.

ಹಲಗೆಯವರು ಬಂದರು. ಗಾಡಿಯಲ್ಲಿ ನಾವು ಏಳು ಜನ ಹೇಗೋ ಹಿಡಿಸಿದೆವು. ಮಾಸ್ತರರು ಮಾತ್ರ ಅಂದಿನಿಂದ ಬೇರೆಯೇ ಮನುಷ್ಯರಾದರು. ತೆಲಸಂಗದ ಮದುವೆಯವರು ಫೋನ್ ಮಾಡಿದಾಗ ದಿನ, ವೇಳೆ ಕೇಳುವ ಮೊದಲೇ, "ಸ್ಟೇಜು ಯಾವದೈತ್ರಿ? ಟ್ರಾಲೀದೈತೇನ್ರಿ?" ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ನಿಪ್ಪಾಣಿಯಲ್ಲಿ ಹೊಸದಾಗಿ ಕಟ್ಟಿಸಿದ ಮದುವೆಯ ಕಾರ್ಯಾಲಯವೊಂದರ ನುಣ್ಣನೆಯ ಕಲ್ಲಿನ ವೇದಿಕೆ ನೋಡಿ ಅವರು ಮುಖ ಸಣ್ಣದು ಮಾಡಿದರು. ಕಾಲಿನಿಂದ ಎರಡು ಸಲ ಬಡಿದು, ಮ್ಯಾನೇಜರರನ್ನು ಕರೆದು, ಒಳಗೆ ಒಂದು ಟ್ರಾಲಿ ತರಲು ಬಾಗಿಲು ಸಾಕಾಗುತ್ತದೆಯೇ ಎಂದು ವಿಚಾರಿಸಿದರು. ಮ್ಯಾನೇಜರರು ಬಾಗಿಲು ನೋಡಿದರು, ಮಾಸ್ತರರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಕಬ್ಬಿಂದ್ರಿ" ಎಂದೆ ನಾನು. "ಖಾಲಿ ಇದ್ರ ಸಾಕು."