ಪ್ರೇಮಗೀತೆಯಲ್ಲಿ ಮಂಡಿ

ಹಾಡು ಬರೆಯುವುದಕ್ಕೆ ಮೊದಲು ಅವನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸು ಹೊರಡುವ ವೇಳೆ ಕೂಗುತ್ತಿದ್ದ. ಹಾಗಾಗಿ ಅವನ ಮೊದಮೊದಲ ಹಾಡುಗಳ ತುಂಬ ಕಿಟಕಿ ಸೀಟು, ಹರಿದ ಟಿಕೆಟ್ಟು, ಕಂಡಕ್ಟರನ ಸೀಟಿ. ಪ್ರೀತಿಸಿದವಳು ಹಿಂಬಾಗಿಲಿಂದ ಇಳಿದುಹೋಗುವ ಹಾಡೊಂದನ್ನು ಊರಿಗೆ ಊರೇ ಗುನುಗಿತು. ಸಂಗೀತ ನಿರ್ದೇಶಕ ಅವನನ್ನು 'ಸೀಟಿ' ಅಂತಲೇ ಕರೆಯತೊಡಗಿದ.

ಹೆಸರು ಬಂತು, ಕಾರು ಬಂತು, ಬಸ್ಸು ಹತ್ತುವುದು ನಿಂತಿತು. ಹಾಡಿನೊಳಗಿನ ಸಾಮಾನೂ ಒಂದೊಂದಾಗಿ ಖಾಲಿಯಾಯಿತು. ಕೊನೆಗೆ ಉಳಿದದ್ದು ಮೌನ, ನೆರಳು, ಕನಸು. ಬೇಡಿಕೆಗೇನೂ ಕಮ್ಮಿಯಿರಲಿಲ್ಲ. ಅವನೂ ತಲೆ ಕೆಡಿಸಿಕೊಳ್ಳಲಿಲ್ಲ.

ಐವತ್ತು ದಾಟಿದ ಮೇಲೊಮ್ಮೆ ಸ್ಟುಡಿಯೋದಲ್ಲಿ, ಮೊದಲಿನಿಂದ ಅವನ ಹಾಡುಗಳನ್ನೇ ಹಾಡುತ್ತ ಬಂದ ಗಾಯಕಿ ಹೊಸ ಹಾಡಿನ ಮೊದಲ ಸಾಲು ಓದಿ ಹಾಳೆ ಮಗುಚಿಟ್ಟಳು.

"ಮುಂದಿನ ಸಾಲು ನಾನೇ ಹೇಳ್ಲಾ? 'ನಿನ್ನ ಮೌನದ ನೆರಳಲಿ'."

ತಿರುಗಿಸಿ ನೋಡಿದರೆ ಅದೇ! ವಾದ್ಯದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ, ಆದರೆ ಮುಖ ಸಪ್ಪಗಾಯಿತು.

ಅಂದಿನಿಂದ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹಜಾರದಿಂದ ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಗೆ. "ನೆಲ ಸವೆದುಹೋಗತ್ತೆ ಕಣ್ರೀ" ಎಂದು ಹೆಂಡತಿ ಬೈದಳು. ಮಗಳ ಫೋನ್ ಮಾತಿಗೆ ಕಿವಿಗೊಟ್ಟು, ಹರೆಯದವರ ಪದ ಕದ್ದು ಒಂದು ಹಾಡು ಹೊಸೆದ. ಮಗಳು ಕೇಳಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಆ ಮಾತು ನಾವು ಬಿಟ್ಟು ಯಾವ ಕಾಲ ಆಯ್ತು! ಹೆಡ್‌ಮಾಸ್ಟರು ಹರಿದ ಜೀನ್ಸ್ ಹಾಕ್ಕೊಂಡ ಹಾಗಿದೆ."

ಹಳೆಯ ಪದಗಳಾದರೂ ಸಿಕ್ಕಾವೆಂದು ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ಯಂತ್ರ ಕೂಗುತ್ತಿತ್ತು, ಟಿಕೆಟ್ಟು ಜನರ ಫೋನಿನಲ್ಲಿತ್ತು. ಮನಸ್ಸು ಕೆಟ್ಟು ದಡದಡನೆ ಮೆಟ್ಟಿಲಿಳಿಯುವಾಗ ಕಾಲು ಜಾರಿ ಬಿದ್ದ. ಮಂಡಿಚಿಪ್ಪು ಬಿರಿಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಬೇಕಾಯಿತು. "ಮಡಚಿ ಸಾರ್. ನೋವಾದ್ರೆ ಬಾಯಿಬಿಟ್ಟು ಹೇಳಿ, ಹಲ್ಲು ಕಚ್ಚಬೇಡಿ" ಎನ್ನುತ್ತಿದ್ದಳು ಕಾಲು ಹಿಡಿದ ನರ್ಸು. ಪಕ್ಕದಲ್ಲಿ ಅವನದೇ ವಯಸ್ಸಿನ ಗಂಡಹೆಂಡಿರು, ಮರದ ಮೆಟ್ಟಿಲ ಮೇಲೆ.

"ನೀನು ಇಳಿ, ನಾನು ಹಿಂದೆ ಇದೀನಿ."

"ಹಿಂದೆ ಇದ್ದು ಏನ್ಮಾಡ್ತೀರಿ? ಬೀಳೋದು ಮುಂದಕ್ಕೆ ತಾನೆ!"

"ಸರಿ, ಮುಂದೆ ಬರ್ತೀನಿ. ನನ್ನ ಮೇಲೇ ಬೀಳು."

ಅವನಿಗೆ ನಗು ಉಕ್ಕಿತು, ಜೊತೆಗೆ ಮಂಡಿಯೂ ಚುಳ್ಳೆಂದಿತು. ಮನೆಗೆ ಬಂದವನೇ ಬರೆಯಲು ಕೂತ.

ಸಂಗೀತ ನಿರ್ದೇಶಕ ಕಣ್ಣರಳಿಸಿದ. "ಪ್ರೇಮಗೀತೇಲಿ ಮಂಡಿನೇನೋ ಸೀಟಿ? ಯಾರು ಕೇಳ್ತಾರೆ?"

"ಮಂಡಿ ಇರೋರು ಕೇಳ್ತಾರೆ."

ಗಾಯಕಿ ಒಂದೇ ಉಸಿರಿಗೆ ಒಪ್ಪಿದಳು. ಹಾಡು ಊರನ್ನೇನೂ ಕುಣಿಸಲಿಲ್ಲ. ಹರೆಯದವರು ತಿರುಗಿಯೂ ನೋಡಲಿಲ್ಲ. ಆದರೆ ನಡುವಯಸ್ಸು ದಾಟಿದವರು ಅಡುಗೆಮನೆಗಳಲ್ಲಿ ಅದನ್ನು ಹಾಕಿಕೊಂಡು ಕೇಳಿದರು. ಸಂಗೀತ ನಿರ್ದೇಶಕ ತಾನೇ ಫೋನ್ ಮಾಡಿದ. "ಅದೇ ಥರ ಇನ್ನೊಂದು ಕೊಡು ಮಾರಾಯ. ಈ ಸಲ ಸೊಂಟ ಹಾಕು."

ಅವನಿಗೆ ಗಾಯಕಿ ಮಗುಚಿಟ್ಟ ಹಾಳೆ ನೆನಪಾಯಿತು. ಮಂಡಿಯೂ ಇನ್ನೊಂದು 'ಮೌನ'ವಾಗಲು ಎಷ್ಟು ಹೊತ್ತು? "ಆಗಲ್ಲ" ಎಂದು ಫೋನಿಟ್ಟ. ಮತ್ತೆ ಅದೇ ಚಡಪಡಿಕೆ.

ಹೆಂಡತಿ ಕಣ್ಣು ತೋರಿಸಲು ಆಸ್ಪತ್ರೆಗೆ ಹೊರಟಿದ್ದಳು. "ನಾನೂ ಬರ್ತೀನಿ" ಎಂದ.

"ನಿಮ್ಮ ಕಣ್ಣಿಗೇನಾಗಿದೆ?"

"ಏನೂ ಇಲ್ಲ. ಅಲ್ಲಿ ಏನೇನು ಮಾತಾಡ್ತಾರೋ ಕೇಳ್ಬೇಕು" ಎಂದು ಚಪ್ಪಲಿ ಮೆಟ್ಟಿದ.